ಮೂರು ಸಲ

ನಮ್ಮ ಅಂಗಡಿಯಲ್ಲಿ ಔಷಧಿ ಕೈಗಿಡುವ ಮುನ್ನ
ಚೀಟಿಯನ್ನು ಮೂರು ಸಲ ಓದುತ್ತೇವೆ, ಗಟ್ಟಿಯಾಗಿ.
ಅವಸರದವರು ಗೊಣಗುತ್ತಾರೆ:
'ಏನಮ್ಮಾ, ಪಂಚಾಂಗ ಓದ್ತಿದ್ದೀಯಾ?'
ಹಳಬರು ಸುಮ್ಮನೆ ನಿಂತಿರುತ್ತಾರೆ,
ಚಪ್ಪಲಿ ಬಿಟ್ಟು ನಿಂತವರ ಹಾಗೆ.

ಶಿಡ್ಲಘಟ್ಟ. ಗೂಡಿನ ಮಾರುಕಟ್ಟೆಗೆ ತಿರುಗುವ ಮೊದಲು
ಒಂದೂವರೆ ಬಾಗಿಲಿನ ರತ್ನಂ ಡ್ರಗ್ ಹೌಸ್.
ಊರಿಗೆಲ್ಲ ಬೆಂದ ಹುಳುವಿನ ವಾಸನೆ;
ನಮ್ಮ ಎಂಟು ಅಡಿಗೆ ಮಾತ್ರ
ಕರ್ಪೂರ, ಡೆಟ್ಟಾಲು, ಹಳೇ ಮರದ ಡ್ರಾಯರು.

ತಾತ ಸುಬ್ಬರತ್ನಂ ಶೆಟ್ಟರು
ಡಾಕ್ಟರ ಕಾಂಪೌಂಡರಾಗಿದ್ದು, ಆಮೇಲೆ ಮಾಲೀಕರಾದವರು.
ಸೀಸೆ ಮನೆಯಿಂದಲೇ ತರಬೇಕು ಆಗ.
ಕೆಮ್ಮಿಗೆ ಕೆಂಪು ನೀರು, ಹೊಟ್ಟೆಗೆ ಬಿಳಿ ನೀರು,
ಪಕ್ಕಕ್ಕೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ:
ಒಂದು ಹಲ್ಲಿಗೆ ಒಂದು ಹೊತ್ತು.
ಕುದಿನೀರಲ್ಲಿ ಎಳೆ ಹುಡುಕಿ ಹುಡುಕಿ
ಬೆರಳು ಬೆಂದ ರೀಲರುಗಳಿಗೆ
ತಾವೇ ಅರೆದ ಮುಲಾಮು, ಬಾಳೆಲೆಯ ಚೂರಿನಲ್ಲಿ.
ಸಾಲದ ಪುಸ್ತಕ ತೆಲುಗು ಅಕ್ಷರದಲ್ಲಿ.
ನನಗೆ ಅಂಕಿ ಮಾತ್ರ ಓದಲು ಬರುತ್ತದೆ.

ಅಪ್ಪನ ಕಾಲಕ್ಕೆ ಮಾತ್ರೆಗಳು ಹಾಳೆಯಲ್ಲಿ ಬಂದವು,
ಕತ್ತರಿ ಬಂತು, ಲೈಸೆನ್ಸಿಗೆ ಗಾಜಿನ ಚೌಕಟ್ಟು ಬಂತು,
ಇನ್ಸುಲಿನ್ನಿಗೆಂದು ಫ್ರಿಜ್ಜೂ ಬಂತು
(ಮೊದಲ ಬೇಸಿಗೆ ಪೂರ್ತಿ ಅದರಲ್ಲಿ ಮಜ್ಜಿಗೆಯೂ ಇತ್ತು,
ಇನ್‌ಸ್ಪೆಕ್ಟರಿಗೆ ಹೇಳಬೇಡಿ).
ಮೂರು ಸಲ ಓದುವುದು ನಿಲ್ಲಲಿಲ್ಲ.

ಕೋಲಾರದಲ್ಲಿ ಡಿ.ಫಾರ್ಮ ಮುಗಿಸಿ ನಾನು ಗಲ್ಲಕ್ಕೆ ಕೂತೆ.
ಕಂಪ್ಯೂಟರ್ ಇಟ್ಟೆ.
ತಿಂಗಳ ಎರಡನೇ ಮಂಗಳವಾರ ಪ್ಯಾರೇಜಾನ್ ಸಾಬರು ಬಂದರು,
ಸಕ್ಕರೆ ಮಾತ್ರೆ, ಬಿಪಿ ಮಾತ್ರೆ.
ಅವರು ಮಾತಾಡುವುದಿಲ್ಲ, ಗಂಟಲಲ್ಲಿ ಗಾಳಿಯಷ್ಟೇ.
ಗೂಡಿನ ಹರಾಜಿನಲ್ಲೂ ಬೆರಳೆತ್ತಿಯೇ ಕೂಗುತ್ತಿದ್ದರಂತೆ.
'ಇವರಿಗೆ ಲೆಕ್ಕ ಬರೀಬೇಡ' ಅಂದರು ಅಪ್ಪ.
ಕಂಪ್ಯೂಟರ್ ಸೊನ್ನೆ ರೂಪಾಯಿಯ ಬಿಲ್ಲು ಒಪ್ಪಲಿಲ್ಲ.
ಯಾಕೆ ಅಂತ ಕೇಳಿದೆ. ಅಪ್ಪ ಕತ್ತರಿ ಒರೆಸುತ್ತ ಕೂತರು.

ಅಜ್ಜಿ ಅಲಿವೇಲಮ್ಮ ಹೇಳಿದಳು, ಅವರೆಕಾಳು ಹಿಸುಕುತ್ತ,
ತಲೆಯೆತ್ತದೆ:
ಒಂದು ರಾತ್ರಿ. ಲಾಟೀನು. ಕರೆಂಟು ಇನ್ನೂ ನಮ್ಮ ಬೀದಿಗೆ ಬಂದಿರಲಿಲ್ಲ.
ಒಂದೇ ಬಣ್ಣದ ಎರಡು ಸೀಸೆ,
ಒಂದು ಹೊಟ್ಟೆಗೆ, ಒಂದು ಕೀಲಿಗೆ ಹಚ್ಚಲು.
ಚೀಟಿಗಳು ಅದಲು ಬದಲು.
ನಾಲ್ಕು ವರ್ಷದ ಹುಡುಗ.
'ಬದುಕಿದ,' ಅಂದಳು,
ಕಾಳೊಂದು ಜಾರಿ ಬಾಗಿಲಾಚೆ ಉರುಳಿತು,
'ಬದುಕಿದ, ಆದರೆ ದನಿ ಹೋಯ್ತು.'
ಅವರಪ್ಪ ದೂರು ಕೊಡಲಿಲ್ಲ.
ಮರುದಿನವೂ ಇಲ್ಲಿಗೇ ಬಂದ, ಅದೇ ಸೀಸೆ ತೊಳೆದುಕೊಂಡು.
ಅದನ್ನು ನೋಡಿ ತಾತ ಮೂರು ದಿನ ಅಂಗಡಿ ತೆಗೆಯಲಿಲ್ಲ.
ನಾಲ್ಕನೇ ದಿನ ತೆಗೆದಾಗ ಗಟ್ಟಿಯಾಗಿ ಓದಿದರು,
ಒಮ್ಮೆ ತಮಗೆ, ಒಮ್ಮೆ ಗಿರಾಕಿಗೆ.
'ಮೂರನೇದು?' ಅಂದೆ.
'ಆ ಹುಡುಗನಿಗೆ ಇರಬಹುದು. ನಾನು ಕೇಳಲಿಲ್ಲ.'

ಮೊನ್ನೆ ಬಸ್ ಸ್ಟ್ಯಾಂಡ್ ಎದುರು ಹೊಸ ಅಂಗಡಿ ತೆರೆದಿದೆ,
ಶೇಕಡ ಇಪ್ಪತ್ತು ಕಡಿತ, ತಂಪು ಗಾಳಿ.
ನಮ್ಮ ಅರ್ಧ ಗಿರಾಕಿಗಳು ಅಲ್ಲಿದ್ದಾರೆ.
ಕಾನೂನಿಗೆ ನಾನು ಕಂಪ್ಯೂಟರಿನಲ್ಲಿ
ಪ್ಯಾರೇಜಾನರ ಬಿಲ್ಲನ್ನು ನನ್ನ ಹೆಸರಿಗೇ ಬರೆದುಕೊಳ್ಳುತ್ತೇನೆ:
ಮುನ್ನೂರ ಹದಿನಾರು ರೂಪಾಯಿ, ನಗದು.

ಎರಡನೇ ಮಂಗಳವಾರ ಅವರು ಬರುತ್ತಾರೆ,
ಗಲ್ಲದ ಮೇಲೆ ಕೈಯಿಟ್ಟು ಕಾಯುತ್ತಾರೆ.
ಓದುತ್ತೇನೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ನಂತರ.
ಓದುತ್ತೇನೆ.
ಮೂರನೇ ಸಲ ಓದುವಾಗ
ಅವರ ತುಟಿಯೂ ನನ್ನ ಜೊತೆ ಅಲುಗುತ್ತದೆ,
ಬೆಳಿಗ್ಗೆ ಒಂದು, ರಾತ್ರಿ ಒಂದು.
ಆಮೇಲೆ ಒಂದು ಬೆರಳು ಮೇಲೆತ್ತುತ್ತಾರೆ,
ಹರಾಜಿನಲ್ಲಿ ಸರಕು ತಮ್ಮದಾದಾಗ
ಎತ್ತುತ್ತಿದ್ದ ಹಾಗೆ.